ವಕೀಲರ ಫೀಸಿಗೆ ಅಂತ ಕೂಡಿಟ್ಟ ದುಡ್ಡನ್ನು ಎಲ್ಲಿ ಹಾಕಬೇಕು?

ಪ್ರಶ್ನೆ: ಮೇಡಂ, ನಾವು ಕಾಲೇಜಿನಲ್ಲಿ ಜೊತೆಗೆ ಓದಿದ ಹನ್ನೊಂದು ಜನ ಗೆಳತಿಯರು. ನಮ್ಮಲ್ಲೊಬ್ಬಳ ಎದುರು ಮನೆಯ ಹುಡುಗಿ ಹೋದ ವರ್ಷ ಗಂಡನ ಹೊಡೆತ ತಾಳಲಾರದೆ ತವರಿಗೆ ಬಂದಳು. ಕೇಸು ಹಾಕೋಣ ಅಂದರೆ ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ನಾಲ್ಕೇ ತಿಂಗಳಿಗೆ ವಾಪಸ್ ಹೋದಳು. ಅದು ನಮ್ಮನ್ನು ತುಂಬಾ ಕಾಡಿತು. ಅವತ್ತಿನಿಂದ ತಿಂಗಳಿಗೆ ತಲಾ ಸಾವಿರ ರೂಪಾಯಿ ಹಾಕುತ್ತಾ ಬಂದಿದ್ದೇವೆ. ಈಗ 1.32 ಲಕ್ಷ ಇದೆ. ಕೌಟುಂಬಿಕ ದೌರ್ಜನ್ಯ, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳಿಗೆ ವಕೀಲರ ಫೀಸು ಕಟ್ಟಬೇಕು ಅಂತ ನಮ್ಮ ಆಸೆ. ಹೇಗೆ ಶುರು ಮಾಡಬೇಕು? ಸರ್ಕಾರದ ಉಚಿತ ವಕೀಲರು ಪ್ರಯೋಜನವಿಲ್ಲ ಅನ್ನುತ್ತಾರಲ್ಲ, ನಿಜವಾ? ಟ್ರಸ್ಟ್ ಮಾಡಿಸಬೇಕಾ? ಅಮೆರಿಕದಲ್ಲಿರುವ ಗೆಳತಿಯೊಬ್ಬಳು ತಾನೂ ಕಳಿಸುತ್ತೇನೆ ಅನ್ನುತ್ತಿದ್ದಾಳೆ, ತಗೋಬಹುದಾ?

ಉತ್ತರ: ಮೊದಲು ನಿಮ್ಮ ಹನ್ನೊಂದೂ ಜನಕ್ಕೆ ನನ್ನ ನಮಸ್ಕಾರ. ಹನ್ನೆರಡು ತಿಂಗಳು ಬಿಡದೆ ದುಡ್ಡು ಹಾಕುವುದು ಸುಲಭವಲ್ಲ, ಅದೂ ಮುಖ ಪರಿಚಯವಿಲ್ಲದವರಿಗೆ. ಆದರೆ ಒಂದು ವಿಷಯ ನೇರವಾಗಿಯೇ ಹೇಳುತ್ತೇನೆ. ಈ ದುಡ್ಡನ್ನು ವಕೀಲರ ಫೀಸಿಗೆ ಸುರಿಯಬೇಡಿ. ಆ ಹುಡುಗಿ ವಕೀಲರಿಗೆ ದುಡ್ಡಿಲ್ಲ ಅಂತ ವಾಪಸ್ ಹೋದಳು ಅಂದಿರಲ್ಲ, ನನಗೆ ಸಂಕಟವಾಗಿದ್ದು ಅಲ್ಲೇ. ಆಕೆಗೆ ವಕೀಲರು ಪುಕ್ಕಟೆ ಸಿಗುತ್ತಿದ್ದರು. ಯಾರೂ ಆ ಮಾತು ಹೇಳಲಿಲ್ಲ, ಅಷ್ಟೇ.

1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಅಂತ ಒಂದಿದೆ. 1995ರ ನವೆಂಬರ್ 9ರಿಂದ ಜಾರಿಯಲ್ಲಿದೆ. ಅದರ 12ನೇ ಸೆಕ್ಷನ್ ಯಾರಿಗೆಲ್ಲ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡಬೇಕು ಅಂತ ಹೇಳುತ್ತದೆ. ಆ ಪಟ್ಟಿಯಲ್ಲಿ ಹೆಂಗಸರು ಮತ್ತು ಮಕ್ಕಳು ಇದ್ದಾರೆ. ಬಡ ಹೆಂಗಸರು ಅಂತಲ್ಲ, ಬರೀ ಹೆಂಗಸರು ಅಂತ. ಆದಾಯದ ಮಿತಿ ಅವರಿಗೆ ಅನ್ವಯಿಸುವುದೇ ಇಲ್ಲ. ಕೂಲಿಗೆ ಹೋಗುವವಳಿಗೂ ಸಿಗುತ್ತದೆ, ಸರ್ಕಾರಿ ಶಾಲೆಯ ಟೀಚರಿಗೂ ಸಿಗುತ್ತದೆ. ಗಂಡನ ಮನೆಯವರು ಎಷ್ಟೇ ಶ್ರೀಮಂತರಿರಲಿ, ಇವಳಿಗೆ ಸಿಗುತ್ತದೆ. ಇದನ್ನು ನಾನು ಎಷ್ಟು ಸಲ ಹೇಳಿದರೂ ಜನ ನಂಬುವುದಿಲ್ಲ. ಬಿಪಿಎಲ್ ಕಾರ್ಡ್ ಬೇಕಲ್ವಾ ಮೇಡಂ ಅಂತ ಮತ್ತೆ ಕೇಳುತ್ತಾರೆ. ಬೇಡ.

ಇನ್ನೊಂದು ವಿಷಯ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ, ದೂರು ಹೇಳಿಕೊಂಡು ಬಂದ ಹೆಣ್ಣಿಗೆ ಉಚಿತ ಕಾನೂನು ನೆರವು ಇದೆ ಅಂತ ತಿಳಿಸುವುದು ಪೊಲೀಸರ ಕರ್ತವ್ಯ. ರಕ್ಷಣಾಧಿಕಾರಿಗಳಿಗೂ ಅದೇ ಹೊಣೆ. ನಮ್ಮ ರಾಜ್ಯದಲ್ಲಿ ರಕ್ಷಣಾಧಿಕಾರಿ ಅಂದರೆ ಸಾಮಾನ್ಯವಾಗಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಜನ ಸಿಡಿಪಿಒ ಅಂತಾರಲ್ಲ, ಅವರೇ. ಅಂಗನವಾಡಿ, ಪೌಷ್ಟಿಕ ಆಹಾರ ಎಲ್ಲವನ್ನೂ ನೋಡಿಕೊಳ್ಳುವ ಕೆಲಸದ ನಡುವೆ ಇದೂ ಅವರ ತಲೆ ಮೇಲಿದೆ. ಹಾಗಾಗಿ ಹೇಳಬೇಕಾದ ಮಾತು ಎಷ್ಟೋ ಸಲ ಹೇಳದೇ ಉಳಿದುಹೋಗುತ್ತದೆ.

ಸಿಗುವುದು ಹೇಗೆ ಅಂತೀರಾ? ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇರುತ್ತದೆ. ತಾಲೂಕಿನಲ್ಲಾದರೆ ತಾಲೂಕು ಕಾನೂನು ಸೇವೆಗಳ ಸಮಿತಿ, ಅದೂ ಕೋರ್ಟಿನಲ್ಲೇ. ಹೈಕೋರ್ಟಿಗೆ ಬೇರೆ ಸಮಿತಿ ಇದೆ, ಸುಪ್ರೀಂ ಕೋರ್ಟಿಗೂ ಇದೆ. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟರೂ ಸಾಕು. ಬರೆಯಲು ಬರದಿದ್ದರೆ ಅಲ್ಲಿನವರೇ ಕೇಳಿ ಬರೆದುಕೊಳ್ಳಬೇಕು. ಅರ್ಜಿಯ ಮೇಲೆ ಏಳು ದಿನದೊಳಗೆ ತೀರ್ಮಾನವಾಗಬೇಕು. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ವಕೀಲರ ಜೊತೆಗೆ ಕೋರ್ಟ್ ಶುಲ್ಕ, ನೋಟಿಸ್ ಕಳಿಸುವ ಖರ್ಚು, ಟೈಪಿಂಗ್, ಅನುವಾದ, ದೃಢೀಕೃತ ನಕಲು ಇವೆಲ್ಲ ಆ ನೆರವಿನಲ್ಲೇ ಸೇರಿವೆ. ಡಿವಿ ಕೇಸಿನಲ್ಲಿ, ಅಂದರೆ ಕೌಟುಂಬಿಕ ದೌರ್ಜನ್ಯದ ಕೇಸಿನಲ್ಲಿ, ಆದೇಶದ ಪ್ರತಿಯನ್ನು ಕೋರ್ಟೇ ಉಚಿತವಾಗಿ ಕೊಡಬೇಕು ಅಂತ ಆ ಕಾಯ್ದೆಯ 24ನೇ ಸೆಕ್ಷನ್ ಹೇಳುತ್ತದೆ. ತಾನು ಈಗ ಉಳಿದುಕೊಂಡಿರುವ ಊರಿನಲ್ಲೇ ಕೇಸು ಹಾಕಬಹುದು. ಗಂಡನ ಊರಿಗೆ ಓಡಾಡುವ ಅಗತ್ಯವಿಲ್ಲ.

ಈಗ ನಿಮ್ಮ ಎರಡನೇ ಪ್ರಶ್ನೆ. ಉಚಿತ ವಕೀಲರು ಪ್ರಯೋಜನವಿಲ್ಲವಾ? ನಾನೂ ಒಂಬತ್ತು ವರ್ಷ ಪ್ಯಾನಲ್ ವಕೀಲಳಾಗಿದ್ದವಳು, ಅಂದರೆ ಉಚಿತ ನೆರವಿನ ಕೇಸುಗಳಿಗೆ ಪ್ರಾಧಿಕಾರ ಇಟ್ಟುಕೊಂಡಿರುವ ಪಟ್ಟಿಯಲ್ಲಿದ್ದವಳು. ಹಾಗಾಗಿ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಸರ್ಕಾರ ಕೊಡುವ ಗೌರವಧನ ಕಡಿಮೆ, ಅದು ಕೈಗೆ ಬರುವುದೂ ತಡ. ಆ ಕಾರಣಕ್ಕೆ ಕೆಲವರು ಈ ಕೇಸುಗಳನ್ನು ದಿನದ ಕೊನೆಗೆ ತಳ್ಳುತ್ತಾರೆ. ಕಕ್ಷಿದಾರಳ ಜೊತೆ ಹತ್ತು ನಿಮಿಷ ಕೂತು ಮಾತಾಡುವುದಿಲ್ಲ. ಜೂನಿಯರನ್ನು ಕಳಿಸಿ ಡೇಟ್ ತಗೊಳ್ಳುತ್ತಾರೆ. ಇದೆಲ್ಲ ಇದೆ. ಆದರೆ ಅದೇ ಪಟ್ಟಿಯಲ್ಲಿ ರಾತ್ರಿ ಹನ್ನೊಂದಕ್ಕೆ ಫೋನ್ ಎತ್ತುವವರೂ ಇದ್ದಾರೆ. ಸ್ವಂತ ದುಡ್ಡಲ್ಲಿ ಝೆರಾಕ್ಸ್ ಮಾಡಿಸುವವರಿದ್ದಾರೆ, ಫೀಸು ತಗೊಂಡವರಿಗಿಂತ ಚೆನ್ನಾಗಿ ಪಾಟಿ ಸವಾಲು ಮಾಡುವವರಿದ್ದಾರೆ. ನೀವು ಮಾಡಬೇಕಾದ ಕೆಲಸ ಇಷ್ಟೇ: ನಿಮ್ಮ ತಾಲೂಕಿನಲ್ಲಿ ಆ ಚೆನ್ನಾಗಿರುವವರು ಯಾರು ಅಂತ ತಿಳಿದುಕೊಳ್ಳಿ. ನಾಲ್ಕು ದಿನ ಕೋರ್ಟ್ ಹಾಲಿನಲ್ಲಿ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ನೋಡಿದರೆ ಗೊತ್ತಾಗುತ್ತದೆ. ಯಾರ ಕಕ್ಷಿದಾರಳಿಗೆ ತನ್ನ ಕೇಸು ಇವತ್ತು ಯಾವ ಹಂತದಲ್ಲಿದೆ ಅಂತ ಗೊತ್ತಿರುತ್ತದೋ ಆ ವಕೀಲರು ಒಳ್ಳೆಯವರು. ನಾನು ಬೇರೆ ಅಳತೆಗೋಲು ಇಟ್ಟುಕೊಂಡಿಲ್ಲ.

ಇಂಥವರೇ ಬೇಕು ಅಂತ ಅರ್ಜಿಯಲ್ಲಿ ಕೇಳಿಕೊಳ್ಳಬಹುದು. ಕೊಟ್ಟ ವಕೀಲರು ಸರಿಯಾಗಿ ನೋಡಿಕೊಳ್ಳದಿದ್ದರೆ ಬದಲಾಯಿಸಿ ಅಂತ ಬರೆದುಕೊಡಬಹುದು. ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿ ಅಂದರೆ ಗುಮಾಸ್ತರಲ್ಲ, ಅವರೊಬ್ಬ ನ್ಯಾಯಾಧೀಶರು. ಅವರ ಮುಂದೆ ಹೋಗಿ ನಿಂತು ಹೇಳಿದರೆ ಕೆಲಸ ಆಗುತ್ತದೆ. ಅಲ್ಲಿಗೆ ಹೋಗಿ ನಿಲ್ಲಲು ಹೆದರುವ ಹೆಣ್ಣುಮಗಳ ಪಕ್ಕದಲ್ಲಿ ನಿಮ್ಮಲ್ಲೊಬ್ಬರು ನಿಂತರೆ ಆಗುವ ಉಪಕಾರ ಐದು ಸಾವಿರ ರೂಪಾಯಿಯಿಂದ ಆಗುವುದಿಲ್ಲ. ಮತ್ತೆ, ಪ್ಯಾನಲ್ ವಕೀಲರು ಕಕ್ಷಿದಾರರಿಂದ ಒಂದು ರೂಪಾಯಿ ಕೇಳುವಂತಿಲ್ಲ, ತಗೊಳ್ಳುವಂತೆಯೂ ಇಲ್ಲ. ಪಾಪ ಅವರಿಗೂ ಕಷ್ಟ ಅಂತ ನಿಮ್ಮ ನಿಧಿಯಿಂದ ಮೇಲೆ ಸ್ವಲ್ಪ ಕೊಟ್ಟೀರಿ, ಬೇಡ. ನೀವು ಒಬ್ಬಳಿಗೆ ಅಂತ ಕೊಟ್ಟರೆ ಮುಂದಿನ ಹತ್ತು ಜನರ ಹತ್ತಿರ ಕೇಳುವ ರೂಢಿಯಾಗುತ್ತದೆ.

ಹಾಗಾದರೆ ದುಡ್ಡು ಎಲ್ಲಿ ಬೇಕು? ಒಂದು ಕೇಸಿನ ಕತೆ ಹೇಳುತ್ತೇನೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ಬಟ್ಟೆ ಅಂಗಡಿಯ ಹಳದಿ ಪ್ಲಾಸ್ಟಿಕ್ ಕವರಿನಲ್ಲಿ ಆಸ್ಪತ್ರೆಯ ಚೀಟಿಗಳನ್ನು ಸುತ್ತಿಟ್ಟುಕೊಂಡು ಬಂದಿದ್ದಳು. ಕೈಹಿಡಿದುಕೊಂಡು ಮೂರು ವರ್ಷದ ಮಗ. ಅರ್ಜಿ ಹಾಕಿದೆವು. ನೋಟಿಸ್ ಜಾರಿಯಾಗಲಿಲ್ಲ, ಗಂಡ ಮನೆಯಲ್ಲಿಲ್ಲ ಅಂತ ವಾಪಸ್ ಬಂತು. ಮತ್ತೆ ಕಳಿಸಿದೆವು. ಅವನು ವಕೀಲರನ್ನಿಟ್ಟ, ತಕರಾರು ಸಲ್ಲಿಸಲು ಸಮಯ ಕೇಳಿದ. ಹೀಗೆ ಆರು ವಾಯಿದೆ ಹೋದವು. ಪ್ರತಿ ಸಲವೂ ಅವಳು ಬೆಳಿಗ್ಗೆ ಹತ್ತೂವರೆಗೆ ಬಂದು ಹಾಲಿನ ಹೊರಗಿನ ಕಲ್ಲು ಬೆಂಚಿನ ಮೇಲೆ ಕೂರುತ್ತಿದ್ದಳು. ಕೇಸು ಕೂಗುವುದು ಯಾವಾಗಲೋ ಗೊತ್ತಿಲ್ಲ, ಬಿಸ್ಕತ್ತು ತರಲು ಕ್ಯಾಂಟೀನಿಗೆ ಹೋದರೆ ಅಷ್ಟರಲ್ಲೇ ಕೂಗಿಬಿಟ್ಟರೆ ಅಂತ ಮಗುವನ್ನು ಹಸಿದುಕೊಂಡೇ ಕೂರಿಸಿಕೊಳ್ಳುತ್ತಿದ್ದಳು. ಏಳನೇ ವಾಯಿದೆಗೆ ಬರಲಿಲ್ಲ. ಎಂಟನೆಯದಕ್ಕೂ ಇಲ್ಲ. ಫೋನ್ ಸ್ವಿಚ್ ಆಫ್. ರಾಜಿ ಆಗಿರಬೇಕು ಅಂದುಕೊಂಡೆ ನಾನು. ಕೇಸು ವಜಾ ಆಯಿತು.

ಒಂದು ವರ್ಷದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಯಾಕಮ್ಮ ಬರಲಿಲ್ಲ ಅಂತ ಕೇಳಿದೆ. "ರಜೆ ಹಾಕಿದ್ರೆ ಆವತ್ತಿನ ಸಂಬಳ ಹೋಗೋದು, ಹಾಜರಾತಿ ಬೋನಸ್ಸೂ ಹೋಗೋದು ಮೇಡಂ. ಮನೆ ಬಾಡಿಗೆ ನಿಂತುಹೋಯ್ತು. ಅದಕ್ಕೇ ಬಿಟ್ಟೆ" ಅಂದಳು. ಅಷ್ಟು ಹೇಳಿ ನನ್ನನ್ನೇ ಸಮಾಧಾನ ಮಾಡುವವಳ ಹಾಗೆ ನಕ್ಕಳು. ಅವಳ ವಕೀಲಳು ಉಚಿತ, ಟೈಪಿಂಗ್ ಉಚಿತ, ನೋಟಿಸ್ ಉಚಿತ. ಅವಳು ಸೋತಿದ್ದು ತಿಂಗಳಿಗೆ ಒಂದು ದಿನದ ಕೂಲಿಯ ಮುಂದೆ. ಆ ಲೆಕ್ಕವನ್ನು ನಾನು ಮೊದಲೇ ಕೇಳಬೇಕಿತ್ತು. ಕೇಳಲಿಲ್ಲ. ಅವತ್ತಿನಿಂದ ಯಾವ ಹೆಣ್ಣುಮಗಳು ಬಂದರೂ ಮೊದಲ ದಿನವೇ ಕೇಳುತ್ತೇನೆ: ಕೋರ್ಟಿಗೆ ಬಂದ ದಿನ ನಿನಗೆ ಎಷ್ಟು ನಷ್ಟವಾಗುತ್ತದೆ?

ನಿಮ್ಮ ದುಡ್ಡು ಹೋಗಬೇಕಾದ್ದು ಅಲ್ಲಿಗೆ. ಉದಾಹರಣೆಗೆ ದಿನಕ್ಕೆ 500 ರೂಪಾಯಿ ಕೂಲಿ, ಎರಡು ವರ್ಷದಲ್ಲಿ 24 ವಾಯಿದೆ ಅಂತ ಇಟ್ಟುಕೊಳ್ಳಿ. 12,000 ರೂಪಾಯಿ. ಒಬ್ಬ ಹೆಣ್ಣುಮಗಳು ಕೇಸು ಬಿಡದೆ ನಿಲ್ಲುವುದಕ್ಕೆ ಇಷ್ಟು ಸಾಕಾಗಬಹುದು. ಇದನ್ನು ಒಂದೇ ಗಂಟಲ್ಲಿ ಕೊಡಬೇಡಿ, ಪ್ರತಿ ವಾಯಿದೆಯ ಹಿಂದಿನ ದಿನ ಅವಳ ಖಾತೆಗೆ ಹಾಕಿ. ಅದಕ್ಕೂ ಮೊದಲು ಆ ಖಾತೆ ಯಾವುದು ಅಂತ ಕೇಳಿ. ಗಂಡನ ಜೊತೆಗಿನ ಜಂಟಿ ಖಾತೆ ಇರಬಹುದು, ಬ್ಯಾಂಕಿನ ಮೆಸೇಜು ಅವನ ಫೋನಿಗೆ ಹೋಗುತ್ತಿರಬಹುದು. ಹಾಗಿದ್ದರೆ ಮೊದಲು ಅವಳ ಹೆಸರಲ್ಲೇ ಹೊಸ ಖಾತೆ, ಹೊಸ ಸಿಮ್. ಇದಕ್ಕೆ ಆಗುವ ಖರ್ಚು ತೀರಾ ಚಿಕ್ಕದು, ಆದರೆ ಇದಿಲ್ಲದೆ ಮುಂದಿನದು ಏನೂ ನಡೆಯುವುದಿಲ್ಲ.

ಬಸ್ ಚಾರ್ಜ್ ಬಗ್ಗೆ ಯೋಚಿಸುತ್ತಿದ್ದೀರೇನೋ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ಕೋರ್ಟಿಗೆ ಅಲೆಯುವ ಹೆಣ್ಣುಮಕ್ಕಳಿಗೆ ಇದು ಎಷ್ಟು ದೊಡ್ಡ ಸಹಾಯ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಆದರೆ ಗುರುತಿನ ಚೀಟಿ ತೋರಿಸಬೇಕಲ್ವಾ? ರಾತ್ರೋರಾತ್ರಿ ಉಟ್ಟ ಸೀರೆಯಲ್ಲಿ ಓಡಿಬಂದವಳ ಆಧಾರ್ ಕಾರ್ಡು ಗಂಡನ ಬೀರುವಿನಲ್ಲಿರುತ್ತದೆ. ಮಗುವಿನ ಜನನ ಪ್ರಮಾಣಪತ್ರ, ಅವಳ ಮಾರ್ಕ್ಸ್ ಕಾರ್ಡ್, ಮದುವೆ ಫೋಟೋ, ಒಡವೆಯ ರಸೀದಿ ಎಲ್ಲವೂ ಅಲ್ಲೇ. ಸ್ತ್ರೀಧನ ಮತ್ತು ಅವಳ ಬೆಲೆಬಾಳುವ ಕಾಗದಪತ್ರಗಳನ್ನು ವಾಪಸ್ ಕೊಡಿಸಿ ಅಂತ ಡಿವಿ ಕಾಯ್ದೆಯ 19ನೇ ಸೆಕ್ಷನ್‌ನಲ್ಲಿ ಕೇಳಬಹುದು. ಆದೇಶ ಬರುವವರೆಗೆ ಹೊಸ ಪ್ರತಿಗಳನ್ನು ಮಾಡಿಸಬೇಕು, ಆಸ್ಪತ್ರೆಯಿಂದ ಹಳೆಯ ದಾಖಲೆ ತೆಗೆಸಬೇಕು. ಅದಕ್ಕೆ ಓಡಾಟ, ಅದಕ್ಕೆ ರಜೆ. ನಿಮ್ಮಲ್ಲಿ ಯಾರಿಗಾದರೂ ಆನ್‌ಲೈನ್ ಅರ್ಜಿ ಹಾಕುವುದು ಚೆನ್ನಾಗಿ ಗೊತ್ತಿದ್ದರೆ ಈ ಕೆಲಸ ಅವರಿಗೆ ವಹಿಸಿ.

ದುಡ್ಡು ಬೇಕಾಗುವ ಇನ್ನೊಂದು ಜಾಗ ಇದೆ, ನನ್ನ ಪ್ರಕಾರ ಅದೇ ಮುಖ್ಯ. ಅರ್ಜಿ ಹಾಕಿದ ದಿನದಿಂದ ಮೊದಲ ಮಧ್ಯಂತರ ಜೀವನಾಂಶ, ಅಂದರೆ ಕೇಸು ಮುಗಿಯುವ ಮೊದಲೇ ಕೋರ್ಟ್ ಗಂಡನಿಂದ ಕೊಡಿಸುವ ಹಣ, ಕೈಗೆ ಬರುವ ದಿನದವರೆಗಿನ ತಿಂಗಳುಗಳು. ಡಿವಿ ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಇಡೀ ಅರ್ಜಿ ಅರವತ್ತು ದಿನದೊಳಗೆ ಮುಗಿಸಲು ಕೋರ್ಟ್ ಪ್ರಯತ್ನಿಸಬೇಕು ಅಂತ ಕಾಯ್ದೆಯಲ್ಲಿದೆ. ನಡೆಯುವುದು ಹಾಗಲ್ಲ. ಈ ನಡುವಿನ ತಿಂಗಳುಗಳಲ್ಲೇ ಹೆಚ್ಚಿನವರು ವಾಪಸ್ ಹೋಗುವುದು. ಅಣ್ಣನ ಹೆಂಡತಿಯ ಮುಖ ಸಣ್ಣಗಾಗುತ್ತದೆ, ಅಮ್ಮ ಹೊಂದಿಕೊಂಡು ಹೋಗು ಅನ್ನಲು ಶುರು ಮಾಡುತ್ತಾಳೆ, ಮಗುವಿನ ಶಾಲೆಯ ಫೀಸಿಗೆ ಕರೆ ಬರುತ್ತದೆ. ನಿಮ್ಮ ಎದುರು ಮನೆಯ ಹುಡುಗಿ ನಾಲ್ಕೇ ತಿಂಗಳಿಗೆ ಹೋದಳು ಅಂದಿರಲ್ಲ, ಲೆಕ್ಕ ಸರಿಯಾಗಿದೆ. ಆ ಸಮಯದಲ್ಲಿ ಎರಡು ತಿಂಗಳ ರೂಮ್ ಬಾಡಿಗೆ ಕೊಟ್ಟರೆ ಅದೂ ಕಾನೂನು ನೆರವೇ ಅಂತ ನಾನು ತಿಳಿದಿದ್ದೇನೆ. ತೀರಾ ತುರ್ತಾಗಿ ಉಳಿಯಲು ಜಾಗ ಬೇಕಾದರೆ ನೊಂದ ಹೆಣ್ಣುಮಕ್ಕಳಿಗಾಗಿ ಇರುವ ಸರ್ಕಾರದ ಸಖಿ ಒನ್ ಸ್ಟಾಪ್ ಸೆಂಟರಿನಲ್ಲಿ ಐದು ದಿನದವರೆಗೆ ಇರಬಹುದು, ಅಲ್ಲಿಂದ ಮುಂದಕ್ಕೆ ಶಕ್ತಿ ಸದನ ಅನ್ನುವ ಆಶ್ರಯ ಮನೆ. 181ಕ್ಕೆ ಫೋನ್ ಮಾಡಿದರೆ ಹತ್ತಿರದ್ದು ಯಾವುದು ಅಂತ ಹೇಳುತ್ತಾರೆ. 2013ರಲ್ಲಿ ಶುರುವಾದ ನಿರ್ಭಯಾ ನಿಧಿಯ ದುಡ್ಡಿನಿಂದಲೇ ಈ ಸಖಿ ಕೇಂದ್ರಗಳು ಬಂದಿದ್ದು.

ಕೇಸಿನ ಖರ್ಚನ್ನು ಎದುರು ಕಡೆಯವರಿಂದಲೇ ಕೊಡಿಸುವ ದಾರಿಯೂ ಕಾನೂನಿನಲ್ಲಿದೆ, ಇದನ್ನು ಕೇಳುವವರೇ ಕಡಿಮೆ. ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್, ವಿಶೇಷ ವಿವಾಹ ಕಾಯ್ದೆಯ 36ನೇ ಸೆಕ್ಷನ್, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್ (ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125), ಈ ಮೂರರಲ್ಲೂ ಮಧ್ಯಂತರ ಜೀವನಾಂಶದ ಜೊತೆಗೆ ಕೇಸು ನಡೆಸುವ ಖರ್ಚನ್ನೂ ಕೊಡಿಸಬಹುದು. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ ಮತ್ತು ಸಾಲದ ವಿವರವನ್ನು ಪ್ರಮಾಣ ಮಾಡಿ ಬರೆದು (ಅಫಿಡವಿಟ್) ಸಲ್ಲಿಸಬೇಕು, ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಅಂತ ಹೇಳಿದೆ. ಕೋರ್ಟಿಗೆ ಬಂದುಹೋಗುವ ಖರ್ಚು, ಕಳೆದುಕೊಂಡ ಕೂಲಿ ಎಲ್ಲವನ್ನೂ ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲು ಅವಳಿಗೆ ಹೇಳಿಕೊಡಿ. ಕೋರ್ಟಿನಲ್ಲಿ ಬಾಯಿಮಾತಿಗಿಂತ ಆ ಪುಸ್ತಕಕ್ಕೆ ಬೆಲೆ ಜಾಸ್ತಿ. ಆದರೆ ಖರ್ಚು ಬಂದಾಗ ನಮ್ಮ ದುಡ್ಡು ವಾಪಸ್ ಕೊಡು ಅಂತ ಮಾತ್ರ ಕೇಳಬೇಡಿ. ಅವಳ ತಲೆ ಮೇಲೆ ಆಗಲೇ ಬೇಕಾದಷ್ಟು ಸಾಲವಿರುತ್ತದೆ.

ಲೈಂಗಿಕ ದೌರ್ಜನ್ಯದ ಕೇಸುಗಳು ಬೇರೆಯದೇ ದಾರಿ. ಅಲ್ಲಿ ಕೇಸು ನಡೆಸುವುದು ಸರ್ಕಾರ. ಸರ್ಕಾರಿ ಅಭಿಯೋಜಕರಿಗೆ ಸಂಬಳ ಸರ್ಕಾರದ್ದು. ಎಫ್‌ಐಆರ್ ಪ್ರತಿ ಉಚಿತ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಆಸ್ಪತ್ರೆ ಖಾಸಗಿಯದಾದರೂ ಚಿಕಿತ್ಸೆ ತಕ್ಷಣ ಮತ್ತು ಉಚಿತವಾಗಿ ಕೊಡಲೇಬೇಕು, ಕೊಡದಿದ್ದರೆ ಅದೇ ಅಪರಾಧ. ಹಾಗಾದರೆ ಅವಳಿಗೆ ಬೇರೆ ವಕೀಲರು ಯಾಕೆ ಬೇಕು ಅನ್ನಬಹುದು. ಸರ್ಕಾರಿ ಅಭಿಯೋಜಕರು ಸರ್ಕಾರದ ಪರ. ಅವರ ಮೇಜಿನ ಮೇಲೆ ಆವತ್ತು ಮೂವತ್ತು ಕಡತ ಇರುತ್ತವೆ. ನಾಳೆ ನಿನ್ನನ್ನು ಹೀಗೆ ಹೀಗೆ ಕೇಳುತ್ತಾರೆ, ಹೆದರಬೇಡ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನು ಅಂತ ಹಿಂದಿನ ದಿನ ಕೂತು ಹೇಳುವವರು ಬೇರೆ ಬೇಕು. ಕೋರ್ಟಿನ ಅನುಮತಿ ಪಡೆದು ಅಭಿಯೋಜಕರಿಗೆ ನೆರವಾಗುವ ವಕೀಲರನ್ನು ಅವಳು ಇಟ್ಟುಕೊಳ್ಳಬಹುದು. ಅತ್ಯಾಚಾರಕ್ಕೆ ಒಳಗಾದವರಿಗೆ ಠಾಣೆಯ ಹಂತದಿಂದಲೇ ವಕೀಲರ ನೆರವು ಸಿಗಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1990ರ ದಶಕದಲ್ಲೇ. ಮಕ್ಕಳ ವಿಷಯದಲ್ಲಾದರೆ ಪೋಕ್ಸೋ ಕಾಯ್ದೆಯ 40ನೇ ಸೆಕ್ಷನ್ ಈ ಹಕ್ಕನ್ನು ನೇರವಾಗಿ ಕೊಟ್ಟಿದೆ. 2022ರಲ್ಲಿ ಇನ್ನೊಂದು ತೀರ್ಪು ಬಂತು, ನೊಂದವರ ಮಾತನ್ನು ಪ್ರತಿ ಹಂತದಲ್ಲೂ ಕೇಳಬೇಕು, ಜಾಮೀನು ಅರ್ಜಿಯ ಹಂತದಲ್ಲೂ. ಜಾಮೀನು ಅರ್ಜಿ ಯಾವಾಗ ಬರುತ್ತದೆ ಅಂತ ಕಣ್ಣಿಟ್ಟು, ಆ ದಿನ ಅವಳ ಪರವಾಗಿ ಒಬ್ಬ ವಕೀಲರು ನಿಂತಿರುವ ಹಾಗೆ ನೋಡಿಕೊಳ್ಳುವುದು ದೊಡ್ಡ ಕೆಲಸ. ಆರೋಪಿ ಅದೇ ಬೀದಿಯವನಾಗಿದ್ದರೆ ಇನ್ನೂ ದೊಡ್ಡದು.

ಈ ಕೇಸುಗಳಲ್ಲಿ ಪರಿಹಾರದ ಹಣವೂ ಇದೆ. 2018ರಲ್ಲಿ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ ಮಾಡಿದ ಯೋಜನೆಯ ಪ್ರಕಾರ ಅತ್ಯಾಚಾರಕ್ಕೆ 4 ಲಕ್ಷದಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5 ಲಕ್ಷದಿಂದ 10 ಲಕ್ಷ. ಆರೋಪಿಗೆ ಶಿಕ್ಷೆ ಆಗುವವರೆಗೆ ಕಾಯಬೇಕಿಲ್ಲ. ಅರ್ಜಿ ಅದೇ ಜಿಲ್ಲಾ ಪ್ರಾಧಿಕಾರಕ್ಕೆ, ಮಧ್ಯಂತರ ಪರಿಹಾರವನ್ನೂ ಕೇಳಬಹುದು. ಇಲ್ಲೊಂದು ಎಚ್ಚರಿಕೆ. ಪರಿಹಾರ ಕೊಡಿಸುತ್ತೇನೆ, ಅದರಲ್ಲಿ ಇಷ್ಟು ಪಾಲು ಕೊಡಿ ಅಂತ ಯಾವ ವಕೀಲರೂ ಕೇಳುವಂತಿಲ್ಲ. ಬಾರ್ ಕೌನ್ಸಿಲ್ ನಿಯಮ ಇದನ್ನು ಸಾರಾಸಗಟಾಗಿ ನಿಷೇಧಿಸಿದೆ. ಯಾರಾದರೂ ಹಾಗೆ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಇನ್ನೊಂದು ಚಿಕ್ಕ ವಿಷಯ: ಸಾಕ್ಷಿ ಹೇಳಲು ಬಂದವರಿಗೆ ಬಂದುಹೋಗುವ ಖರ್ಚನ್ನು ಸರ್ಕಾರದಿಂದ ಕೊಡಿಸುವ ಅಧಿಕಾರ ಕ್ರಿಮಿನಲ್ ಕೋರ್ಟಿಗಿದೆ. ಆವತ್ತೇ ಬಾಯಿಬಿಟ್ಟು ಕೇಳಬೇಕು.

ಅಂದರೆ ಫೀಸೇ ಕೊಡಬಾರದು ಅಂತಲ್ಲ. ಕೆಲವು ಸಂದರ್ಭದಲ್ಲಿ ಖಾಸಗಿ ವಕೀಲರೇ ಬೇಕಾಗುತ್ತದೆ. ಗಂಡನೋ ಮಾವನೋ ಅದೇ ಊರಿನ ಕೋರ್ಟಿನಲ್ಲಿ ವಕೀಲರಾಗಿದ್ದರೆ ಅಲ್ಲಿನ ಪ್ಯಾನಲ್‌ನಲ್ಲಿ ಯಾರೂ ಗಟ್ಟಿಯಾಗಿ ನಿಲ್ಲದೇ ಇರಬಹುದು. ಗಂಡ ಮಗುವನ್ನು ರಾತ್ರಿ ಎತ್ತಿಕೊಂಡು ಬೇರೆ ರಾಜ್ಯಕ್ಕೆ ಹೋಗಿಬಿಟ್ಟಿದ್ದರೆ ನಾಳೆ ಬೆಳಿಗ್ಗೆಯೇ ಹೈಕೋರ್ಟಿಗೆ ಹೋಗಬೇಕು, ಅರ್ಜಿ ಹಾಕಿ ಏಳು ದಿನ ಕಾಯಲಾಗದು. ಅಂಥದ್ದಕ್ಕೆ ನಿಮ್ಮ ನಿಧಿಯಲ್ಲಿ ಮೂರನೇ ಒಂದು ಪಾಲು ಮುಟ್ಟದೆ ಇಟ್ಟಿರಿ. ಕೊಡುವಾಗ ಹಂತ ಹಂತವಾಗಿ ಕೊಡಿ, ಅರ್ಜಿ ಹಾಕಿದಾಗ ಇಷ್ಟು, ಮಧ್ಯಂತರ ಅರ್ಜಿಯ ವಾದ ಆದಾಗ ಇಷ್ಟು ಅಂತ. ಬ್ಯಾಂಕ್ ಮೂಲಕ ಕೊಡಿ, ರಸೀದಿ ತಗೊಳ್ಳಿ.

ಮತ್ತೆ ಇದನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ. ವಕಾಲತ್ತಿಗೆ ಸಹಿ ಹಾಕುವವಳು ಅವಳು. ಕಕ್ಷಿದಾರಳು ಅವಳು. ದುಡ್ಡು ಕೊಟ್ಟಿದ್ದು ನಾವು ಅಂತ ವಕೀಲರಿಗೆ ಫೋನ್ ಮಾಡಿ ಏನಾಯ್ತು ಅಂತ ಕೇಳಬೇಡಿ, ಅವರು ಹೇಳಲೂಬಾರದು. ಅವಳು ನಡುವೆ ರಾಜಿ ಮಾಡಿಕೊಂಡರೆ ನಿಮಗೆ ಬೇಜಾರಾಗುತ್ತದೆ, ಆಗಲಿ. ಅದು ಅವಳ ತೀರ್ಮಾನ. ನಮ್ಮ ದುಡ್ಡು ತಗೊಂಡು ವಾಪಸ್ ಹೋದಳಲ್ಲ ಅನ್ನುವ ಮಾತು ನಿಮ್ಮ ಗುಂಪಿನಲ್ಲಿ ಒಮ್ಮೆ ಬಂದರೂ ಅದು ಹೇಗೋ ಅವಳ ಕಿವಿಗೆ ಬೀಳುತ್ತದೆ, ಮುಂದಿನ ಸಲ ಹೊಡೆತ ತಿಂದಾಗ ಅವಳು ನಿಮ್ಮ ಬಾಗಿಲಿಗೆ ಬರುವುದಿಲ್ಲ. ಫೋಟೋ ಬೇಡ, ವಾಟ್ಸಾಪ್ ಗ್ರೂಪಿನಲ್ಲಿ ಹೆಸರು ಬೇಡ, ದಾನಿಗಳಿಗೆ ಧನ್ಯವಾದ ಹೇಳುವ ವಿಡಿಯೋ ಬೇಡವೇ ಬೇಡ. ಅತ್ಯಾಚಾರಕ್ಕೆ ಒಳಗಾದವರ ಗುರುತು ಬಹಿರಂಗಪಡಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಎರಡು ವರ್ಷದವರೆಗೆ ಶಿಕ್ಷೆಯಾಗುವ ಅಪರಾಧ. ನಿಮ್ಮ ಲೆಕ್ಕದ ಪುಸ್ತಕದಲ್ಲಿ ಹೆಸರಿನ ಬದಲು ಒಂದು ನಂಬರ್ ಸಾಕು.

ಟ್ರಸ್ಟ್ ವಿಷಯ. ನಿಮ್ಮ ಹನ್ನೊಂದು ಜನರದೇ ದುಡ್ಡು, ನೀವೇ ಕೊಡುತ್ತಿದ್ದೀರಿ ಅಂದರೆ ಸದ್ಯಕ್ಕೆ ಟ್ರಸ್ಟ್ ಬೇಡ. ಇಬ್ಬರ ಹೆಸರಲ್ಲಿ ಜಂಟಿ ಖಾತೆ, ಎಲ್ಲರಿಗೂ ಕಾಣುವ ಲೆಕ್ಕ, ಅಷ್ಟಿರಲಿ. ಹೊರಗಿನವರಿಂದ ವಂತಿಗೆ ಎತ್ತಲು ಹೊರಟರೆ ಆಗ ನೋಂದಣಿ, ಪ್ಯಾನ್, ಆಡಿಟ್ ಎಲ್ಲ ಬೇಕಾಗುತ್ತದೆ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ದೇಣಿಗೆಯ ಮೇಲೆ ವಿನಾಯಿತಿಯೂ ಇಲ್ಲ, ಹಾಗಾಗಿ ಅದೊಂದು ಕಾರಣಕ್ಕೆ ಟ್ರಸ್ಟ್ ಮಾಡಿಸುವುದು ವ್ಯರ್ಥ. ಅದರ ಬದಲು ನಿಮ್ಮ ಜಿಲ್ಲೆಯಲ್ಲಿ ಹೆಣ್ಣುಮಕ್ಕಳ ಜೊತೆ ಈಗಾಗಲೇ ಕೆಲಸ ಮಾಡುತ್ತಿರುವ, ನೋಂದಣಿಯಾದ ಸಂಸ್ಥೆ ಇದ್ದರೆ ಅದರ ಜೊತೆ ಸೇರಿಕೊಳ್ಳಿ. ಹೆಣ್ಣುಮಕ್ಕಳನ್ನು ಹುಡುಕಿಕೊಂಡು ನೀವು ಹೋಗುವ ಅಗತ್ಯವೂ ಆಗ ಇರುವುದಿಲ್ಲ.

ಅಮೆರಿಕದ ಗೆಳತಿಯನ್ನು ಒಂದು ಪ್ರಶ್ನೆ ಕೇಳಿ: ನಿನ್ನ ಪಾಸ್‌ಪೋರ್ಟ್ ಯಾವ ದೇಶದ್ದು? ಈಗಲೂ ಭಾರತದ ಪ್ರಜೆಯಾಗಿದ್ದು, ತನ್ನ ಸಂಪಾದನೆಯ ದುಡ್ಡನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತಗೊಂಡಿದ್ದರೆ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡುವ ಒಸಿಐ ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆಯೇ. 2010ರ ವಿದೇಶಿ ವಂತಿಗೆ ಕಾಯ್ದೆಯಡಿ ನೋಂದಣಿ ಇಲ್ಲದ ಗುಂಪು ಅದನ್ನು ತಗೊಳ್ಳುವಂತಿಲ್ಲ. ನೋಂದಣಿ ಇರುವ ಸಂಸ್ಥೆ ತಗೊಂಡು ನಿಮಗೆ ದಾಟಿಸುತ್ತೇವೆ ಅಂದರೆ ಅದಕ್ಕೂ 2020ರ ತಿದ್ದುಪಡಿಯ ಮೇಲೆ ಅವಕಾಶವಿಲ್ಲ. ಅವಳು ನೇರವಾಗಿ ಅಂಥ ಸಂಸ್ಥೆಗೇ ಕೊಡಲಿ.

1.32 ಲಕ್ಷದಲ್ಲಿ ಎಷ್ಟು ಜನಕ್ಕೆ ಸಹಾಯ ಮಾಡಬಹುದು ಅಂತ ನೀವು ಕೇಳಿಲ್ಲ, ಆದರೆ ಕೇಳುತ್ತೀರಿ. ಮೊದಲ ವರ್ಷ ಮೂವರು, ಜಾಸ್ತಿ ಅಂದರೆ ನಾಲ್ವರು. ಹತ್ತು ಜನರಿಗೆ ಚೂರು ಚೂರು ಕೊಟ್ಟರೆ ಹತ್ತೂ ಜನ ಏಳನೇ ವಾಯಿದೆಗೆ ನಿಂತುಹೋಗುತ್ತಾರೆ. ಒಬ್ಬಳನ್ನು ಕೈಗೆತ್ತಿಕೊಂಡರೆ ಆದೇಶ ಬಂದು, ಅದು ಜಾರಿಯಾಗಿ, ದುಡ್ಡು ಅವಳ ಕೈ ಸೇರುವವರೆಗೆ ಬಿಡಬೇಡಿ. ಆದೇಶವಾದ ಮೇಲೂ ಜೀವನಾಂಶ ವಸೂಲಿಗೆ ಮತ್ತೊಂದು ಅರ್ಜಿ, ಮತ್ತೆ ವಾಯಿದೆಗಳು ಇರುತ್ತವೆ.

ಕೊನೆಗೆ ನಿಮ್ಮ ಎದುರು ಮನೆಯ ಹುಡುಗಿ. ವಾಪಸ್ ಹೋದ ಮಾತ್ರಕ್ಕೆ ಅವಳು ಏನನ್ನೂ ಕಳೆದುಕೊಂಡಿಲ್ಲ. ಡಿವಿ ಕಾಯ್ದೆಯ 12ನೇ ಸೆಕ್ಷನ್ ಅರ್ಜಿಗೆ ಒಂದು ವರ್ಷದ ಗಡುವು ಅನ್ವಯಿಸುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2022ರಲ್ಲೇ ಹೇಳಿದೆ. ಅವಳಿಗೆ ಮೆಸೇಜ್ ಕಳಿಸಬೇಡಿ, ಫೋನ್ ಯಾರ ಕೈಯಲ್ಲಿರುತ್ತದೋ ಗೊತ್ತಿಲ್ಲ. ಹಬ್ಬಕ್ಕೋ ಮತ್ತೊಂದಕ್ಕೋ ತವರಿಗೆ ಬಂದಾಗ ನಿಮ್ಮ ಗೆಳತಿ ಎದುರು ಮನೆಗೆ ಹೋಗಿ ಮಾತಾಡಿಸಲಿ. ವಕೀಲರಿಗೆ ದುಡ್ಡು ಬೇಡವಂತೆ ಕಣೇ, ಉಳಿದದ್ದಕ್ಕೆ ನಾವಿದ್ದೇವೆ, ನಿನಗೆ ಯಾವಾಗ ಬೇಕೋ ಆಗ ಬಾ ಅಂತ ಹೇಳಲಿ. ನಂಬರನ್ನು ಚೀಟಿಯಲ್ಲಿ ಬರೆದುಕೊಡುವುದು ಬೇಡ, ಬಾಯಿಪಾಠ ಮಾಡಿಸಲಿ. 15100, ಐದೇ ಅಂಕಿ.